ಹಳೆಯ ಕಟ್ಟಡಗಳನ್ನು ಕೆಡವುವ ಮುನ್ನ: ಮರುಬಳಕೆಯ ಅರ್ಹತಾ ಪರಿಶೀಲನೆ

ಮೂಲ ಉದ್ದೇಶಕ್ಕೆ ಒದಗದಂತಾದ ಕಟ್ಟಡವನ್ನು ಕೆಡವದೆ, ಅದರ ಮುಖ್ಯ ರಚನೆಯನ್ನು ಉಳಿಸಿಕೊಂಡು ಹೊಸ ಉಪಯೋಗಕ್ಕೆ ಅಣಿಗೊಳಿಸಬಹುದಾಗಿರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯು 1915ರಲ್ಲಿ ಚಿತ್ರಶಾಲೆಯಾಯಿತು. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ಆರಂಭವಾಯಿತು. 1980ರ ದಶಕದಲ್ಲಿ ಕೆಡವುವ ಪ್ರಸ್ತಾವಕ್ಕೆ ಒಳಗಾಗಿದ್ದ ಅಠಾರ ಕಚೇರಿಯಲ್ಲಿ ಉಚ್ಚ ನ್ಯಾಯಾಲಯವು ಇಂದಿಗೂ ಕಾರ್ಯನಿರ್ವಹಿಸುತ್ತಿದೆ.

ಕಟ್ಟಡದ ವಯಸ್ಸು ಹಾಗೂ ಉದುರಿದ ಗಾರೆಯನ್ನಷ್ಟೇ ನೋಡಿ ಅದನ್ನು ಶಿಥಿಲವೆಂದು ನಿರ್ಧರಿಸುವುದು ಸರಿಯಲ್ಲ. ಹಾಗೆಂದು ಉಪೇಕ್ಷೆಯೂ ಸಲ್ಲದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿ ಸಂಭವಿಸಿತು. ಆದ್ದರಿಂದ ಮಾಲೀಕರು ಮೊದಲು ಅರ್ಹ ರಚನಾ ಇಂಜಿನಿಯರರಿಂದ ತಪಾಸಣೆ ಮಾಡಿಸುವುದು ಅವಶ್ಯಕ.

ಹಳೆಯ ಮೈಸೂರು ಪ್ರಾಂತ್ಯದ ಅನೇಕ ಕಟ್ಟಡಗಳಲ್ಲಿ ಸುಣ್ಣದ ಗಾರೆಯ ಇಟ್ಟಿಗೆ ಗೋಡೆಗಳೂ ಮರದ ತೊಲೆಗಳ ಮೇಲಿನ ಮದ್ರಾಸ್ ತಾರಸಿಯೂ ಇರುತ್ತವೆ. ಇಂತಹ ಛಾವಣಿಯಲ್ಲಿ ತೊಲೆಯ ನಡುಭಾಗಕ್ಕಿಂತ ಗೋಡೆಯೊಳಗೆ ಹುದುಗಿರುವ ತುದಿಗಳೇ ಸಾಮಾನ್ಯವಾಗಿ ಮೊದಲು ಕೊಳೆಯುತ್ತವೆ. ಅಲ್ಲಿ ಗಾರೆ ಬಿಡಿಸಿ ನೋಡದ ತಪಾಸಣೆಯನ್ನು ಪೂರ್ಣವೆನ್ನಲಾಗದು. ಕಟ್ಟಿಕೊಂಡ ಮಳೆನೀರಿನ ಕೊಳವೆ, ತೇವವನ್ನು ಒಳಗೇ ಹಿಡಿದಿಡುವ ಸಿಮೆಂಟ್ ಗಿಲಾವು ಇವೇ ಎಷ್ಟೋ ವೇಳೆ ಹಾನಿಯ ಮೂಲ. ಇವುಗಳ ದುರಸ್ತಿಗೆ ಕಟ್ಟಡವನ್ನು ಕೆಡವಬೇಕಾಗಿಲ್ಲ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು, ಒಂದು ಮಳೆಗಾಲ ಕಳೆಯುವವರೆಗೆ ಗಮನಿಸತಕ್ಕದ್ದು. ಪಟ್ಟಿ ಒಡೆದಲ್ಲಿ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಕಾಂಕ್ರೀಟಿಗಾಗಿ ರೂಪಿಸಿದ ಸುತ್ತಿಗೆ ಪರೀಕ್ಷೆಯ ಅಂಕಿಗಳನ್ನು ಇಟ್ಟಿಗೆ ಗೋಡೆಗೆ ಅನ್ವಯಿಸಿದ ವರದಿಯನ್ನು ನೆಚ್ಚುವಂತಿಲ್ಲ.

ಹೊಸ ಉಪಯೋಗದ ಆಯ್ಕೆಯೂ ಅಷ್ಟೇ ಮುಖ್ಯ. ಭಾರತೀಯ ಮಾನಕ 875ರ 2ನೇ ಭಾಗದಂತೆ ವಾಸದ ಕೊಠಡಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರವನ್ನು ಲೆಕ್ಕ ಹಾಕಿದರೆ, ಗ್ರಂಥಾಲಯದ ಪುಸ್ತಕ ಸಂಗ್ರಹ ಕೊಠಡಿಗೆ ಕನಿಷ್ಠ 600 ಕಿಲೋಗ್ರಾಂ ಬೇಕು. ವಾಸದ ಮನೆಯ ಮೇಲಂತಸ್ತು ಪುಸ್ತಕ ಭಂಡಾರಕ್ಕೆ ಹೊಂದದಿದ್ದರೂ ಕಟ್ಟಡವೇ ನಿರುಪಯುಕ್ತವೆಂದಾಗದು. ಸಂಗ್ರಹವನ್ನು ನೆಲಮಹಡಿಗೆ ಇಳಿಸಿದರೆ ಸಾಕಾಗಬಹುದು. ಅನೇಕ ಪ್ರಕರಣಗಳಲ್ಲಿ ರಚನೆಗಿಂತ ಎರಡನೆಯ ಮೆಟ್ಟಿಲು, ಅಗ್ನಿ ನಿರ್ಗಮನ ಹಾಗೂ ಅಂಗವಿಕಲರಿಗೆ ಇಳಿಜಾರು ದಾರಿ ಒದಗಿಸುವುದೇ ಕಷ್ಟವಾಗುತ್ತದೆ.

ಭೂ ಉಪಯೋಗದ ಬದಲಾವಣೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಯೋಜನಾ ಪ್ರಾಧಿಕಾರದ ಅನುಮತಿ ಅಗತ್ಯ.

ಕೇಂದ್ರ ಸಂರಕ್ಷಿತ ಸ್ಮಾರಕಗಳ ಸಮೀಪದ ಮಾಲೀಕರು ವಿಶೇಷ ಎಚ್ಚರಿಕೆ ವಹಿಸತಕ್ಕದ್ದು. ಬೆಂಗಳೂರಿನ ಟಿಪ್ಪು ಅರಮನೆಯಂತಹ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, 2010ರ ತಿದ್ದುಪಡಿಯ ನಂತರ ಅಲ್ಲಿ ಖಾಸಗಿ ಹೊಸ ನಿರ್ಮಾಣಕ್ಕೆ ಅವಕಾಶವಿರುವುದಿಲ್ಲ. 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಕಟ್ಟಡದ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪುನರ್‌ನಿರ್ಮಾಣವು ದುರಸ್ತಿಯಲ್ಲಿ ಸೇರುವುದಿಲ್ಲ. ಅಂತಹ ಕಟ್ಟಡವನ್ನು ಒಮ್ಮೆ ಕೆಡವಿದಲ್ಲಿ ಅದೇ ನಿವೇಶನದಲ್ಲಿ ಮತ್ತೆ ಕಟ್ಟಲು ಅನುಮತಿ ದೊರೆಯದು.