ಕಲಿಸಿದವರಿಗೂ ದುಡಿದವರಿಗೂ ಗೌರವ: ವಿಶ್ವವಿದ್ಯಾಲಯ ಪ್ರಶಸ್ತಿಗಳ ಪರಿಚಯ

ಸೊಲ್ಲಾಪುರ: ಹಳ್ಳಿಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಪಾಠ ಹೇಳುವವರು ಪ್ರಾಧ್ಯಾಪಕರು. ಆದರೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವವರು ಕಚೇರಿಯ ಗುಮಾಸ್ತರು, ಬೇಕಾದ ಪುಸ್ತಕ ಹುಡುಕಿ ಕೊಡುವವರು ಗ್ರಂಥಾಲಯದ ಸಿಬ್ಬಂದಿ, ಪ್ರಯೋಗಾಲಯದ ಬಾಗಿಲು ತೆರೆಯುವವರು ಅಟೆಂಡರ್. ಇವರೆಲ್ಲರ ದುಡಿಮೆ ಸೇರಿದರೇನೇ ಅದು ಕಾಲೇಜು. ಈ ದುಡಿಮೆಯನ್ನು ಗುರುತಿಸಲು ವಿಶ್ವವಿದ್ಯಾಲಯಗಳು ಹಾಗೂ ಕೇಂದ್ರ ಸರ್ಕಾರ ನೀಡುವ ಪ್ರಶಸ್ತಿಗಳ ಬಗ್ಗೆ ಗಡಿಭಾಗದ ಕನ್ನಡಿಗರಿಗೆ ಮಾಹಿತಿ ಕಡಿಮೆ. ಯಾವ ಪ್ರಶಸ್ತಿ ಯಾರಿಗೆ, ಯಾರು ಅದರಿಂದ ಹೊರಗೆ ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಮೂರು ಬಗೆಯ ಕೆಲಸ

ವಿಶ್ವವಿದ್ಯಾಲಯದ ಕೆಲಸವನ್ನು ಬೋಧನೆ, ಸಂಶೋಧನೆ ಮತ್ತು ಸೇವೆ ಎಂದು ಮೂರಾಗಿ ವಿಂಗಡಿಸುವುದು ರೂಢಿ. ಸೇವೆ ಎಂದರೆ ಸಂಸ್ಥೆಯ ಒಳಗಿನ ಆಡಳಿತ, ಪರೀಕ್ಷೆ, ವಿದ್ಯಾರ್ಥಿ ಕಲ್ಯಾಣದ ಕೆಲಸವೂ ಹೌದು. ಊರಿಗೆ ಹೋಗಿ ಮಾಡುವ ವಿಸ್ತರಣಾ ಕಾರ್ಯವೂ ಹೌದು. ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣಾ ಕಾರ್ಯವೂ ಮೂರನೆಯ ಹೊಣೆ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1977ರಲ್ಲೇ ಹೇಳಿತ್ತು. ಪ್ರಶಸ್ತಿಗಳೂ ಹೆಚ್ಚುಕಡಿಮೆ ಇದೇ ಮೂರು ದಾರಿಯಲ್ಲಿ ಸಾಗಿವೆ.

ವಿಶ್ವವಿದ್ಯಾಲಯಗಳದೇ ಪ್ರಶಸ್ತಿ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ ಕಾಲೇಜುಗಳು ಮೊದಲು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2004ರ ಆಗಸ್ಟ್ 1ರಂದು ಸೊಲ್ಲಾಪುರ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಒಂದೇ ಜಿಲ್ಲೆಯ ವ್ಯಾಪ್ತಿ ಇದರ ವಿಶೇಷ. 2019ರಲ್ಲಿ ಇದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಸೊಲ್ಲಾಪುರ ವಿಶ್ವವಿದ್ಯಾಲಯ ಎಂಬ ಹೆಸರು ಬಂತು. ಸ್ಥಾಪನಾ ದಿನವನ್ನು ಮರಾಠಿಯಲ್ಲಿ ವರ್ಧಾಪನ ದಿನ ಎನ್ನುತ್ತಾರೆ. ಆ ಸಮಾರಂಭದಲ್ಲಿ ಜೀವನ ಗೌರವದ ಜೊತೆಗೆ ಉತ್ಕೃಷ್ಟ ಮಹಾವಿದ್ಯಾಲಯ, ಉತ್ಕೃಷ್ಟ ಪ್ರಾಚಾರ್ಯ, ಉತ್ಕೃಷ್ಟ ಶಿಕ್ಷಕ ಹಾಗೂ ಉತ್ಕೃಷ್ಟ ಶಿಕ್ಷಕೇತರ ಕರ್ಮಚಾರಿ ಪುರಸ್ಕಾರ ನೀಡುವ ಪದ್ಧತಿ ಇದೆ.

ಜತ್ತ ತಾಲ್ಲೂಕು ಸಾಂಗ್ಲಿ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನ ಕಾಲೇಜುಗಳು ಶಿವಾಜಿ ವಿಶ್ವವಿದ್ಯಾಲಯದಲ್ಲೇ ಉಳಿದವು. 1962ರ ನವೆಂಬರ್ 18ರಂದು ಆರಂಭವಾದ ಆ ವಿಶ್ವವಿದ್ಯಾಲಯದ ವರ್ಧಾಪನ ದಿನದ ಪ್ರಶಸ್ತಿಗಳಲ್ಲಿ ‘ಗುಣವಂತ ಶಿಕ್ಷಕ’ದ ಜೊತೆಗೆ ‘ಗುಣವಂತ ಸೇವಕ’ವೂ ಸೇರಿದೆ. ಸೇವಕ ಎಂದರೆ ಇಲ್ಲಿ ಬೋಧಕೇತರ ನೌಕರ. ಬೋಧಕರನ್ನೂ ನೌಕರರನ್ನೂ ಒಂದೇ ವೇದಿಕೆಯಲ್ಲಿ ಗೌರವಿಸುವ ಈ ಕ್ರಮ ಗಮನಾರ್ಹ. ಏಕೆಂದರೆ ರಾಷ್ಟ್ರಮಟ್ಟದ ದೊಡ್ಡ ಪ್ರಶಸ್ತಿಗಳಲ್ಲಿ ಗುಮಾಸ್ತರಿಗೆ, ಅಟೆಂಡರ್‌ಗಳಿಗೆ ಸ್ಥಾನವಿಲ್ಲ.

ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ

1958ರಲ್ಲಿ ಆರಂಭವಾದ ಈ ಪ್ರಶಸ್ತಿ ಬಹುಕಾಲ ಶಾಲಾ ಶಿಕ್ಷಕರಿಗೆ ಸೀಮಿತವಾಗಿತ್ತು. 2018ರಲ್ಲಿ ನಿಯಮ ಬದಲಾಗಿ, ಶಾಲಾ ಶಿಕ್ಷಕರು ತಾವೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಾಯಿತು. ಕಾಲೇಜು, ವಿಶ್ವವಿದ್ಯಾಲಯ ಮತ್ತು ಪಾಲಿಟೆಕ್ನಿಕ್‌ಗಳ ಬೋಧಕರಿಗೆ ಬಾಗಿಲು ತೆರೆದದ್ದು 2023ರಲ್ಲಿ. ಆ ವರ್ಷ ಪ್ರಶಸ್ತಿ ಪಡೆದ 75 ಮಂದಿಯಲ್ಲಿ 50 ಮಂದಿ ಶಾಲಾ ಶಿಕ್ಷಕರು, 13 ಮಂದಿ ಉನ್ನತ ಶಿಕ್ಷಣದವರು, 12 ಮಂದಿ ಕೌಶಲ ತರಬೇತಿ ಕ್ಷೇತ್ರದವರು. 2024ರಲ್ಲಿ ಉನ್ನತ ಶಿಕ್ಷಣದವರ ಸಂಖ್ಯೆ 16ಕ್ಕೆ ಏರಿತು. ಪ್ರಶಸ್ತಿಯು ಬೆಳ್ಳಿ ಪದಕ, 50,000 ರೂಪಾಯಿ ಮತ್ತು ಪ್ರಮಾಣಪತ್ರವನ್ನು ಒಳಗೊಂಡಿದೆ.

ಉನ್ನತ ಶಿಕ್ಷಣ ವಿಭಾಗದ ಪ್ರಶಸ್ತಿ ಆರಂಭವಾದಾಗಿನ ಷರತ್ತುಗಳು ಹೀಗಿವೆ: ಅಭ್ಯರ್ಥಿ ಖಾಯಂ ಬೋಧಕರಾಗಿರಬೇಕು. ಪದವಿ ಅಥವಾ ಸ್ನಾತಕೋತ್ತರ ಮಟ್ಟದಲ್ಲಿ ಕನಿಷ್ಠ 5 ವರ್ಷ ಪೂರ್ಣಕಾಲಿಕವಾಗಿ ಕಲಿಸಿರಬೇಕು. ವಯಸ್ಸು 55 ಮೀರಿರಬಾರದು. ಕುಲಪತಿ, ನಿರ್ದೇಶಕ, ಪ್ರಾಂಶುಪಾಲರ ಹುದ್ದೆಯಲ್ಲಿರುವವರಿಗೆ ಅವಕಾಶವಿಲ್ಲ. ಆಯ್ಕೆಯಲ್ಲಿ ಹೊಸ ಬಗೆಯ ಬೋಧನೆ, ಸಂಶೋಧನೆ ಮತ್ತು ಸಮುದಾಯದೊಂದಿಗಿನ ಕೆಲಸ ಪರಿಗಣನೆಗೆ ಬರುತ್ತವೆ.

ಸಂಶೋಧನೆಗೆ

ವಿಜ್ಞಾನ ಸಂಶೋಧನೆಗೆ 1958ರಿಂದ ಪ್ರತಿಷ್ಠಿತವಾಗಿದ್ದದ್ದು ಶಾಂತಿ ಸ್ವರೂಪ ಭಟ್ನಾಗರ್ ಪ್ರಶಸ್ತಿ. 45 ವರ್ಷದೊಳಗಿನ ವಿಜ್ಞಾನಿಗಳಿಗೆ 5 ಲಕ್ಷ ರೂಪಾಯಿ ನಗದಿನೊಂದಿಗೆ ನೀಡಲಾಗುತ್ತಿತ್ತು. ಈಗ ಆ ಹೆಸರು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಯುವ ವಿಭಾಗದಲ್ಲಿ ಸೇರಿದೆ. ಹೊಸ ಪುರಸ್ಕಾರದ ಮೊದಲ ಪ್ರದಾನ 2024ರ ಆಗಸ್ಟ್ 22ರಂದು ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಜಿ. ಪದ್ಮನಾಭನ್ ಅವರಿಗೆ ಆಗ ವಿಜ್ಞಾನ ರತ್ನ ಸಂದಿತು.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ರಾಷ್ಟ್ರಪತಿಗಳೇ ‘ವಿಸಿಟರ್’. ಅವರ ಹೆಸರಿನ ವಿಸಿಟರ್ಸ್ ಪ್ರಶಸ್ತಿಗಳು 2014ರಲ್ಲಿ ಘೋಷಣೆಯಾಗಿ 2015ರಲ್ಲಿ ಮೊದಲ ಬಾರಿ ಪ್ರದಾನವಾದವು. ಆಗ ಅತ್ಯುತ್ತಮ ವಿಶ್ವವಿದ್ಯಾಲಯದ ಗೌರವ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಸಂದಿತು. ಸಂಶೋಧನೆ ಮತ್ತು ನಾವೀನ್ಯಕ್ಕೂ ಪ್ರತ್ಯೇಕ ಪ್ರಶಸ್ತಿಗಳಿದ್ದವು. ಕಾಸರಗೋಡಿನ ಪೆರಿಯದಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಸಾಲಿನ ಸಂಸ್ಥೆ.

ಕನ್ನಡ ಓದಿದವರಿಗೂ ಅವಕಾಶವಿದೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕ ಬಳಿಕ, ರಾಷ್ಟ್ರಪತಿಗಳ ಗೌರವ ಪತ್ರ ಹಾಗೂ ಯುವ ವಿದ್ವಾಂಸರ ಮಹರ್ಷಿ ಬಾದರಾಯಣ ವ್ಯಾಸ ಸಮ್ಮಾನ ಶಾಸ್ತ್ರೀಯ ಕನ್ನಡಕ್ಕೂ ವಿಸ್ತರಿಸಿದವು. ಬಾದರಾಯಣ ಸಮ್ಮಾನಕ್ಕೆ 30ರಿಂದ 45ರ ವಯೋಮಿತಿ ಇತ್ತು. ಹಳಗನ್ನಡ, ಶಾಸನಗಳ ಮೇಲೆ ಕೆಲಸ ಮಾಡುವವರು ಯಾವ ರಾಜ್ಯದಲ್ಲಿದ್ದರೂ ಇದನ್ನು ಗಮನಿಸಬೇಕು.

ಸೇವೆಗೆ

ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಹಳ್ಳಿಗೆ ಬಂದು ಏಳು ದಿನ ಶಿಬಿರ ಹೂಡುವ ವಿದ್ಯಾರ್ಥಿಗಳನ್ನು ಎಲ್ಲರೂ ನೋಡಿರುತ್ತಾರೆ. ಅವರ ಜೊತೆ ಶಾಲೆಯಲ್ಲೋ ದೇವಸ್ಥಾನದಲ್ಲೋ ಮಲಗಿ, ಅಡುಗೆಯಿಂದ ಹಿಡಿದು ಲೆಕ್ಕಪತ್ರದವರೆಗೆ ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿ ಕಾಲೇಜಿನ ಒಬ್ಬ ಉಪನ್ಯಾಸಕರೇ. 1993-94ರಿಂದ ಬಂದ ಎನ್‌ಎಸ್‌ಎಸ್ ಪ್ರಶಸ್ತಿಗಳಲ್ಲಿ ವಿಶ್ವವಿದ್ಯಾಲಯ, ಕಾರ್ಯಕ್ರಮಾಧಿಕಾರಿ ಹಾಗೂ ಅವರ ಘಟಕ, ಸ್ವಯಂಸೇವಕ ಎಂಬ ವಿಭಾಗಗಳಿವೆ.

ಹೊರಗುಳಿದವರು

ಇಲ್ಲಿಯೇ ಒಂದು ಕೊರತೆ ಎದ್ದು ಕಾಣುತ್ತದೆ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ಖಾಯಂ ಬೋಧಕರಷ್ಟೇ ಅರ್ಹರು. ಆದರೆ ಅನೇಕ ಕಾಲೇಜುಗಳಲ್ಲಿ ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಮಹಾರಾಷ್ಟ್ರದಲ್ಲಿ ಇವರನ್ನು ತಾಸಿಕೆ ತತ್ವದವರು, ಅಂದರೆ ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವವರು ಎನ್ನುತ್ತಾರೆ. ಹತ್ತು ವರ್ಷ ಚೆನ್ನಾಗಿ ಕಲಿಸಿದರೂ ಅವರು ಅರ್ಜಿ ಹಾಕುವಂತಿಲ್ಲ. ಬೋಧಕೇತರ ನೌಕರರದೂ ಇದೇ ಸ್ಥಿತಿ. ಇವರನ್ನು ಗುರುತಿಸುವ ಕೆಲಸ ಸ್ಥಳೀಯ ವಿಶ್ವವಿದ್ಯಾಲಯ, ಕಾಲೇಜು ಮತ್ತು ಊರಿನ ಪಾಲಿಗೇ ಉಳಿದಿದೆ.

ಊರವರು ಮಾಡಬಹುದಾದದ್ದು

ಪ್ರಶಸ್ತಿಯ ಅರ್ಜಿಗೆ ಹೊಗಳಿಕೆಗಿಂತ ದಾಖಲೆ ಮುಖ್ಯ. ಶಿಬಿರ ನಡೆದ ಊರಿನ ಗ್ರಾಮ ಪಂಚಾಯಿತಿ ಏನೇನು ಕೆಲಸವಾಯಿತು ಎಂದು ದಿನಾಂಕ ಸಹಿತ ಪತ್ರ ಕೊಡಬಹುದು. ಹಳೆಯ ವಿದ್ಯಾರ್ಥಿಗಳು ತಮಗಾದ ಉಪಕಾರವನ್ನು ಬರೆದು ಕಾಲೇಜಿಗೆ ಕಳುಹಿಸಬಹುದು. ಕನ್ನಡದಲ್ಲಿ ಪುಸ್ತಕ, ಲೇಖನ ಬರೆದ ಬೋಧಕರು ಅವುಗಳ ಸಾರಾಂಶವನ್ನು ಇಂಗ್ಲಿಷ್ ಅಥವಾ ಆಯಾ ರಾಜ್ಯಭಾಷೆಯಲ್ಲಿ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಕನ್ನಡ ಬಾರದ ತೀರ್ಪುಗಾರರಿಗೆ ಕೆಲಸದ ತೂಕ ತಿಳಿಯಲು ಬೇರೆ ದಾರಿಯಿಲ್ಲ.

ಶಿಕ್ಷಕರ ದಿನಾಚರಣೆಗೆ ಕಾರಣರಾದ ಸರ್ವಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂದು ಇಂದಿಗೂ ಹೇಳುತ್ತಾರೆ. ಆ ಗೌರವಕ್ಕೆ ಅರ್ಜಿ ಇರಲಿಲ್ಲ, ವಯೋಮಿತಿಯೂ ಇರಲಿಲ್ಲ. ಯಾವ ಪಟ್ಟಿಯಲ್ಲೂ ಹೆಸರು ಬಾರದ ಅತಿಥಿ ಉಪನ್ಯಾಸಕರಿಗೆ, ಗ್ರಂಥಾಲಯದ ಸಿಬ್ಬಂದಿಗೆ ಊರವರು ಕೊಡಬಹುದಾದದ್ದು ಅಂಥದ್ದೇ ಗೌರವ.