ಹೊಳೆಗೆ ಮೈಲಿಗೆ ಮಾಡಿದವರು ಯಾರು?

ಮುಂಗಾರಿನ ಮೊದಲ ದೊಡ್ಡ ಮಳೆ ಹೊಯ್ದ ರಾತ್ರಿ ನಮ್ಮ ಕಡೆ ಬಡವರ ಮನೆಯಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ. ಸೀತಾನದಿಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಅಂತಲೇ ಅದರ ಹೆಸರು. ಬ್ರಹ್ಮಾವರ, ಬಾರ್ಕೂರು, ಮಾಬುಕಳದ ಆಸುಪಾಸಿನಲ್ಲಿ ಜನ ದೀಪ, ಕತ್ತಿ, ಕೂಳಿ ಹಿಡಿದುಕೊಂಡು ಕೆಸರಿಗೆ ಇಳಿಯುತ್ತಾರೆ. ಕಡಲಿಗೆ ದೋಣಿ ಇಳಿಯದ, ಕೂಲಿಯೂ ಸರಿಯಾಗಿ ಸಿಗದ ಆ ದಿನಗಳಲ್ಲಿ ಮಡಕೆಯ ಸಾರಿಗೆ ಆಧಾರ ಈ ಮೀನೇ. ಅದಕ್ಕೆ ದುಡ್ಡು ಬೇಡ, ಧಣಿಯ ಅಪ್ಪಣೆ ಬೇಡ.

ಭೂಮಿ ಇಲ್ಲದವನಿಗೂ ಹೊಳೆ ಇತ್ತು. ಈ ಮಾತನ್ನು ಮರೆತರೆ ಮೀನು ಸಾಯುವುದು ಯಾಕೆ ದೊಡ್ಡ ಸಂಗತಿ ಎಂಬುದು ನಮಗೆ ಅರ್ಥವಾಗುವುದಿಲ್ಲ.

ಬಾರ್ಕೂರಿಗೆ ಹೋದರೆ ಅಳುಪರ ಕಾಲದ, ವಿಜಯನಗರದ ಕಾಲದ ಶಾಸನಗಳು ಸಿಗುತ್ತವೆ. ಯಾವ ಅರಸ, ಯಾವ ದೇವಸ್ಥಾನ, ಎಷ್ಟು ಗದ್ದೆ, ಎಷ್ಟು ಮುಡಿ ಅಕ್ಕಿ ಎಂಬುದನ್ನೆಲ್ಲ ಕಲ್ಲಿನ ಮೇಲೆ ಕೊರೆದಿದ್ದಾರೆ. ಅದೇ ಊರಿನ ಹೊಳೆಯಲ್ಲಿ ಬಲೆ ಬೀಸಿದವನ ಲೆಕ್ಕ ಇಟ್ಟವರು ಯಾರು? ಮೊಣಕಾಲು ನೀರಿನಲ್ಲಿ ಬಗ್ಗಿ ಚಿಪ್ಪು ಹೆಕ್ಕಿದ ಹೆಂಗಸಿನ ಹೆಸರು ಯಾವ ಕಲ್ಲಿನ ಮೇಲಿದೆ? ಹೊಳೆಯ ಚರಿತ್ರೆಯನ್ನು ನಾವು ಶಾಸನದಿಂದ ಬರೆಯಲಾರೆವು. ಹೊಟ್ಟೆಯಿಂದ ಬರೆಯಬೇಕು.

ಸರ್ಕಾರದ ಕಾಗದದಲ್ಲಿ ಹೊಳೆಮೀನಿನ ಸಾವು ಮೊದಲು ಅಪರಾಧವಾಗಿ ಕಾಣಿಸಿಕೊಳ್ಳುವುದು ಬ್ರಿಟಿಷರ ಕಾಲದಲ್ಲಿ. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1897ರಲ್ಲಿ ಭಾರತದ ಮೀನುಗಾರಿಕೆ ಕಾಯ್ದೆ ಬಂತು. ಅದರ 4ನೇ ಕಲಮು ತೋಟೆ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸಿತು, 5ನೇ ಕಲಮು ನೀರಿಗೆ ವಿಷ ಬೆರೆಸಿ ಕೊಲ್ಲುವುದನ್ನು. ಶಿಕ್ಷೆ ಎರಡು ತಿಂಗಳವರೆಗೆ ಜೈಲು, 200 ರೂಪಾಯಿವರೆಗೆ ದಂಡ.

ಕಾನೂನು ತಪ್ಪು ಅಂತ ನಾವು ಹೇಳುವುದಿಲ್ಲ. ಕಾರೆಕಾಯಿ ಜಜ್ಜಿ ನಿಂತ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸುವ ಹಳೆಯ ಪದ್ಧತಿ ಒಂದು ಗುಂಡಿಯ ಮಟ್ಟಿನದು. ಆದರೆ ಈಗ ಅದರ ಜಾಗಕ್ಕೆ ಕೀಟನಾಶಕದ ಡಬ್ಬಿ, ಬ್ಲೀಚಿಂಗ್ ಪುಡಿ ಬಂದಿವೆ. ತೋಟೆ ಬಿದ್ದ ಕಡೆ ಮರಿ, ಮೊಟ್ಟೆ ಏನೂ ಉಳಿಯುವುದಿಲ್ಲ. ಹೀಗೆ ಮಾಡುವವರು ನಮ್ಮವರೇ ಆದರೂ ಅದು ದ್ರೋಹವೇ. ನಮ್ಮ ಪ್ರಶ್ನೆ ಬೇರೆ. ಬುಟ್ಟಿಯಲ್ಲಿ ವಿಷ ತಂದವನನ್ನು ಹಿಡಿಯಲು 1897ರಲ್ಲೇ ಕಾನೂನು ಬಂತು. ಪೈಪಿನಲ್ಲಿ ವಿಷ ಬಿಟ್ಟವನನ್ನು ಹಿಡಿಯಲು ದೇಶ 1974ರವರೆಗೆ ಕಾಯಬೇಕಾಯಿತು. ಜಲ ಮಾಲಿನ್ಯ ಕಾಯ್ದೆ ಬಂದದ್ದು ಆ ವರ್ಷ. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ.

ಆ ನಡುವಿನ 77 ವರ್ಷಗಳಲ್ಲಿ ಈ ದೇಶ ಯಾವ ಮಾಲಿನ್ಯದ ಬಗ್ಗೆ ತಲೆ ಕೆಡಿಸಿಕೊಂಡಿತ್ತು? ನಮ್ಮ ಮುಟ್ಟುವಿಕೆಯ ಬಗ್ಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ದನ ಕುಡಿಯಬಹುದಾದ ಕೆರೆ ಅದು. ಸವರ್ಣರು ಕೆರೆ ಕೆಟ್ಟಿತೆಂದು ಸೆಗಣಿ, ಗಂಜಲ, ಹಾಲು, ಮೊಸರಿನ 108 ಕೊಡ ಸುರಿದು ಅದನ್ನು ಶುದ್ಧ ಮಾಡಿದರು! ಕೆರೆಯ ಹಕ್ಕು ನಮ್ಮವರದೂ ಹೌದು ಎಂದು ಮುಂಬಯಿ ಹೈಕೋರ್ಟು ಹೇಳುವಾಗ 1937 ಆಗಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಮನುಷ್ಯನ ಕೈ ತಾಗಿದರೆ ಮೈಲಿಗೆ. ಕಾರ್ಖಾನೆಯ ಕೊಳಚೆ ಸೇರಿದರೆ ಅಭಿವೃದ್ಧಿ. ಇದು ಸಾಕ್ಷಾತ್ ನಡೆದದ್ದನ್ನು ನೋಡಬೇಕಾದರೆ ನಾವು ಘಟ್ಟ ಹತ್ತಬೇಕು.

ಆಗುಂಬೆಯ ನೆತ್ತಿಯ ಮೇಲೆ ಬಿದ್ದ ಮಳೆ ಪಡುವಣಕ್ಕೆ ಹರಿದರೆ ಸೀತಾನದಿಯಾಗಿ ಹೆಬ್ರಿ, ಬಾರ್ಕೂರು ದಾಟಿ ನಮ್ಮ ಕಡಲಿಗೆ ಬರುತ್ತದೆ. ಮೂಡಣಕ್ಕೆ ಹರಿದರೆ ತುಂಗೆಗೆ ಸೇರುತ್ತದೆ. ಒಂದೇ ಮೋಡದ ನೀರು. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹರಿಹರದತ್ತ ಹೋಗುತ್ತಾಳೆ. ಅಷ್ಟರಲ್ಲಿ ಭದ್ರೆ ಭದ್ರಾವತಿಯ ಉಕ್ಕಿನ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಎರಡರ ಕೊಳಚೆಯನ್ನೂ ಹೊತ್ತಿರುತ್ತಿದ್ದಳು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ್ದು ಹರಿಹರದಲ್ಲಿ, ಪಾಠ ಹೇಳಿದ್ದು ಭದ್ರಾವತಿಯಲ್ಲಿ. ನಮ್ಮ ಚಳವಳಿ ಹುಟ್ಟಿದ್ದು ಈ ನೀರಿನ ದಂಡೆಯ ಮೇಲೆ.

ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಬಿರ್ಲಾ ಗುಂಪಿನ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯಿತು. ನೀಲಗಿರಿ ಮರವನ್ನು ಬೇಯಿಸಿ ಅರೆದು ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಮರದಲ್ಲಿ ನಾರು ಮಾತ್ರ ಇರುವುದಿಲ್ಲ, ಅದನ್ನು ಹಿಡಿದಿಟ್ಟ ಅಂಟೂ ಇರುತ್ತದೆ. ಆ ಅಂಟು, ಬೇಯಿಸಿದ ರಾಸಾಯನಿಕ, ತೊಳೆದ ನೀರು ಸರಿಯಾಗಿ ಶುದ್ಧವಾಗದೆ ನದಿಗೆ ಬಂದರೆ ನೀರು ಕಂದಾಗುತ್ತದೆ, ನೊರೆ ಏಳುತ್ತದೆ, ನಾರುತ್ತದೆ. ಬೇಸಿಗೆಯಲ್ಲಿ ತುಂಗಭದ್ರೆ ಸಣ್ಣಗಾದಾಗ ಈ ಕೊಳಚೆಯನ್ನು ಕರಗಿಸುವಷ್ಟು ನೀರೇ ಇರುವುದಿಲ್ಲ. 80ರ ದಶಕದ ನಡುವಿನಲ್ಲಿ ಕಾರ್ಖಾನೆಯ ಕೆಳಗಿನ ಹರಿವಿನಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ನಲವಾಗಲ ಮೊದಲಾದ ಊರುಗಳ ಜನಕ್ಕೆ ಕುಡಿಯಲು ಅದೇ ನೀರು, ದನಕ್ಕೆ ಅದೇ ನೀರು, ಬಟ್ಟೆ ಒಗೆಯಲು ಅದೇ ನೀರು. ಅಂಬಿಗರ ಬಲೆಗೆ ಬೇರೆ ಹೊಳೆ ಎಲ್ಲಿಂದ ತರುವುದು?

ಜನ ಸುಮ್ಮನಿರಲಿಲ್ಲ. ಭೋಪಾಲದಲ್ಲಿ ವಿಷದ ಗಾಳಿ ಸಾವಿರಾರು ಜನರನ್ನು ಕೊಂದ ಆ 1984ರಲ್ಲೇ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಎಸ್. ಆರ್. ಹಿರೇಮಠ ಮತ್ತು ಸಂಗಡಿಗರು ನದಿದಂಡೆಯ ಹಳ್ಳಿಗಳವರ ಜೊತೆ ಸೇರಿ ಧರಣಿ, ಮೆರವಣಿಗೆ, ನ್ಯಾಯಾಲಯ ಎಲ್ಲವನ್ನೂ ಹಿಡಿದರು. ಮೀನಿನ ದೂರು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಸರ್ಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿ, ಸುಮಾರು 75 ಸಾವಿರ ಎಕರೆ ಸಿ ಮತ್ತು ಡಿ ದರ್ಜೆಯ ಜಮೀನು ಕೊಡಲು ಹೊರಟಿತ್ತು. ಬಡವನ ದನ ಮೇಯುವ, ಸೌದೆ ಸಿಗುವ ಜಮೀನು ಅದು. ಅಂದರೆ ಕಾರ್ಖಾನೆಯ ಬಾಯಿಗೆ ನಮ್ಮ ಗೋಮಾಳ, ಅದರ ಕೊಳಚೆಗೆ ನಮ್ಮ ಹೊಳೆ! 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರು. 1991ಕ್ಕೆ ಆ ಜಂಟಿ ಕಂಪನಿಯ ಬಾಗಿಲು ಮುಚ್ಚಿತು.

ಆ ಜಮೀನಿನ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ಕಾರಂತರು ಕೋಟದವರು, ಈಗಿನ ನಮ್ಮ ಬ್ರಹ್ಮಾವರ ತಾಲ್ಲೂಕಿನವರು. ಬಂಡಾಯದ ನಮಗೂ ಅವರಿಗೂ ಹಲವು ವಿಷಯಗಳಲ್ಲಿ ಜಗಳ ಉಂಟು. ಅದನ್ನು ಮುಚ್ಚಿಡುವುದಿಲ್ಲ. ಆದರೆ 'ಚೋಮನ ದುಡಿ'ಯ ಚೋಮ ಬಯಸಿದ್ದು ಒಂದು ತುಂಡು ಭೂಮಿ. ಅವನನ್ನು ಬರೆದ ಮನುಷ್ಯ 80 ದಾಟಿದ ಮೇಲೆ ಚೋಮನಂಥವರ ಗೋಮಾಳಕ್ಕಾಗಿ ಕೋರ್ಟಿನ ಕಾಗದಕ್ಕೆ ಸಹಿ ಹಾಕಿದರು. ಜಗಳ ಆಡುತ್ತಲೇ ಇದನ್ನೂ ನೆನೆಯಬೇಕು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಕಾರ್ಖಾನೆಯಲ್ಲಿ ದುಡಿಯುವವನೂ ನಮ್ಮವನೇ. ಇದೇ ಬಿರ್ಲಾ ಗುಂಪಿನ ಗ್ವಾಲಿಯರ್ ರೇಯಾನ್ಸ್ ಕೇರಳದ ಮಾವೂರಿನಲ್ಲಿ ಚಾಲಿಯಾರ್ ಹೊಳೆಯ ದಡದಲ್ಲಿ 1963ರಿಂದ ನಡೆಯುತ್ತಿತ್ತು. ಅಲ್ಲಿಯೂ ಹೊಳೆ ಕೆಟ್ಟಿತು, ಜನ ಎದ್ದರು. 1985ರಿಂದ 1988ರವರೆಗೆ ಕಾರ್ಖಾನೆ ಮುಚ್ಚಿದಾಗ ಕೂಲಿಗಾರರ ಮನೆಗಳಲ್ಲಿ ಹಸಿವು ಹೊಕ್ಕಿತು. 2001ರಲ್ಲಿ ಅದು ಶಾಶ್ವತವಾಗಿ ಮುಚ್ಚಿತು. ಅನ್ನ ಬೇಕೋ ಹೊಳೆ ಬೇಕೋ ಆರಿಸಿಕೊಳ್ಳಿ ಅಂತ ಅಂಬಿಗನನ್ನೂ ಕಾರ್ಮಿಕನನ್ನೂ ಎದುರು ಬದುರು ನಿಲ್ಲಿಸಿದವರು ಯಾರು? ಕೊಳಚೆ ಶುದ್ಧ ಮಾಡುವ ಖರ್ಚನ್ನು ಉಳಿಸಿ ಲಾಭಕ್ಕೆ ಬರೆದುಕೊಂಡವರು. ಆ ಉಳಿತಾಯದ ಬೆಲೆಯನ್ನು ಮೊದಲು ಮೀನು ಕೊಟ್ಟಿತು, ಆಮೇಲೆ ಅಂಬಿಗ ಕೊಟ್ಟ, ಕೊನೆಗೆ ಕಾರ್ಮಿಕ ಕೊಟ್ಟ. ಧಣಿ ಯಾವಾಗ ಕೊಟ್ಟ?

ಮೀನಿನ ಸಾವಿಗೆ ಮರುಗುವುದು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವಸ್ಥಾನದ ಮುಂದೆ, ದೇವರ ಮೀನುಗಳಿವೆ. ಅವನ್ನು ಯಾರೂ ಹಿಡಿಯುವಂತಿಲ್ಲ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಅವನ್ನು ರಾಶಿ ರಾಶಿ ಕೊಂದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಎದ್ದಿದೆ. ಅದನ್ನು ನಾವು ಹಂಗಿಸುವುದಿಲ್ಲ. ಮೂಕ ಜೀವಕ್ಕೆ ಕಣ್ಣೀರು ಹಾಕುವುದು ದೊಡ್ಡ ಗುಣ. ಆದರೆ ದೇವರ ಮೀನಿಗೆ ಸಿಕ್ಕ ಕಣ್ಣೀರು ಬಡವನ ಸಾರಿನ ಮೀನಿಗೂ ಸಿಗಬೇಕಲ್ಲ? ತುಂಗಭದ್ರೆಯಲ್ಲಿ ಸತ್ತ ಮೀನಿಗೆ ಯಾವ ದೇವರೂ ಸಾಕ್ಷಿ ಹೇಳಲಿಲ್ಲ.

ಮೀನು ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ: "ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಸತ್ತಿವೆ." ನಿಜವೇ ಇರಬಹುದು. ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇದ್ದರೆ ಮೀನಿನ ಬದುಕಿಗೆ ತಕ್ಕ ನೀರು ಅಂತ ಸರ್ಕಾರದ ಮಾನದಂಡವೇ ಹೇಳುತ್ತದೆ. ಆದರೆ ಇದು ಗುಂಡು ತಿಂದವನನ್ನು ತೋರಿಸಿ ಹೃದಯ ನಿಂತು ಸತ್ತ ಅಂದ ಹಾಗೆ. ಹೃದಯ ನಿಂತದ್ದು ಹೌದು ಸ್ವಾಮಿ, ನಿಲ್ಲಿಸಿದ್ದು ಯಾರು? ಪೇಟೆಯ ಚರಂಡಿ, ಕಾರ್ಖಾನೆಯ ಕೊಳಚೆ ನೀರಿಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ತಿಂದು ಹಾಕುತ್ತವೆ. ಬೇಸಿಗೆಯ ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಊರ ಕೊಳಚೆ ಬಿಟ್ಟರೂ ಆಗುವುದು ಇದೇ.

ಜಪಾನಿನ ಮಿನಮಾಟದಲ್ಲಿ ಚಿಸ್ಸೋ ಕಾರ್ಖಾನೆಯ ಪಾದರಸ ಕಡಲಿಗೆ ಬಿತ್ತು. ಮೀನು ತೇಲಿದವು, ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು, ಆಮೇಲೆ ಬೆಸ್ತರ ಮಕ್ಕಳ ಕೈಕಾಲು ಸೊಟ್ಟಗಾದವು. ಕಾಯಿಲೆ ದಾಖಲಾದದ್ದು 1956ರಲ್ಲಿ, ಕಾರಣ ಕಾರ್ಖಾನೆಯೇ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ಆ 12 ವರ್ಷ ಬೆಸ್ತರ ಮನೆಗಳನ್ನು ನೆರೆಯವರೇ ದೂರ ಇಟ್ಟಿದ್ದರು. ಅಸ್ಪೃಶ್ಯತೆಗೆ ಜಾತಿಯೇ ಬೇಕೆಂದಿಲ್ಲ, ಬಡತನವೂ ಸಾಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಮಾತು ಇಷ್ಟೇ. ಕೊಂದ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಅಧಿಕಾರಿ ಬರುವ ಹೊತ್ತಿಗೆ ಸಾಕ್ಷಿ ಕಡಲು ಸೇರಿರುತ್ತದೆ. ಅದಕ್ಕೇ ಮೊದಲ ಪಂಚನಾಮೆ ಊರಿನವರೇ ಮಾಡಬೇಕು. ಎಷ್ಟು ಹೊತ್ತಿಗೆ ಕಂಡಿತು, ಯಾವ ಜಾತಿಯ ಮೀನು, ದೊಡ್ಡವು ಮೊದಲು ಸತ್ತವೋ ಸಣ್ಣವೋ, ಏಡಿ ಕಪ್ಪೆಗಳೂ ಸತ್ತಿವೆಯೋ, ನೀರಿನ ಬಣ್ಣ ವಾಸನೆ ಹೇಗಿತ್ತು, ಸಾವು ಎಲ್ಲಿಂದ ಶುರುವಾಗಿದೆ ಅಂತ ಬರೆದಿಡಬೇಕು. ಆಮ್ಲಜನಕ ಕಡಿಮೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ. ಕೀಟನಾಶಕವಾದರೆ ಸಣ್ಣವು ಮೊದಲು. ಮೀನು ಸತ್ತ ಕಡೆಯ ನೀರು ಒಂದು ಬಾಟಲಿ, ಅದರ ಮೇಲಿನ ಹರಿವಿನ ನೀರು ಇನ್ನೊಂದು ಬಾಟಲಿ ಹಿಡಿದಿಡಬೇಕು. ಆಮ್ಲಜನಕವನ್ನು ಮಾತ್ರ ಹೊಳೆಯ ದಡದಲ್ಲೇ ಅಳೆಯಬೇಕು ಅಂತ ಪಟ್ಟು ಹಿಡಿಯಬೇಕು. ಕೊಳೆತ ಮೀನು ಸಾಕ್ಷಿ ಹೇಳುವುದಿಲ್ಲ, ಈಗಷ್ಟೇ ಸತ್ತದ್ದನ್ನು ಮಂಜುಗಡ್ಡೆಯಲ್ಲಿ ಇಡಬೇಕು. ಸತ್ತು ತೇಲಿದ ಮೀನನ್ನು ಯಾರೂ ತಿನ್ನದಂತೆ ಕೇರಿ ಕೇರಿಗೆ ಹೇಳಬೇಕು. ಹಸಿದವರೇ ಮೊದಲು ಅದನ್ನು ಹೆಕ್ಕುತ್ತಾರೆ.

ಕಾನೂನು ನಮ್ಮ ಕಡೆ ಇಲ್ಲವೇ? ಇದೆ. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ 1991ರಲ್ಲಿ ಸುಪ್ರೀಂ ಕೋರ್ಟು ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದೆ. ಇನ್ನೊಂದು ಕಡೆ 2024ರ ತಿದ್ದುಪಡಿ ಜಲ ಕಾಯ್ದೆಯ ಹಲವು ತಪ್ಪುಗಳಿಗೆ ಜೈಲು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿದೆ. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಬಂತು. ಉಳಿದ ರಾಜ್ಯಗಳಿಗೂ ಒಪ್ಪಿಕೊಳ್ಳಲು ಬಾಗಿಲು ತೆರೆದಿದೆ. ಬುಟ್ಟಿಯವನಿಗೆ ಜೈಲು, ಪೈಪಿನವನಿಗೆ ಬಿಲ್ಲು!

ನಮ್ಮ ಹಿರಿಯರು ನೀರು ಮುಟ್ಟುವ ಹಕ್ಕಿಗೆ ಪೆಟ್ಟು ತಿಂದರು. ಮುಟ್ಟಬೇಡ ಅಂದವರನ್ನು ಎದುರಿಸಿ ಗೆದ್ದ ನೀರು ಈಗ ಮುಟ್ಟಲಾಗದ ನೀರಾದರೆ ಆ ಗೆಲುವಿಗೆ ಅರ್ಥವೇನು? ಮುಂದಿನ ಮುಂಗಾರಿಗೆ ಸೀತಾನದಿಯಿಂದ ಮೀನು ಗದ್ದೆಗೆ ಹತ್ತಬೇಕು. ಕೂಳಿ ಹಿಡಿದು ಹೋದ ಹುಡುಗ ಬರಿಗೈಯಲ್ಲಿ ಮನೆಗೆ ಬರಬಾರದು.