ಥರ್ಲೆಸ್ಸಿನ ಏಳು ಮಂದಿ
(ಒಂದು ಕ್ರೀಡಾಸಂಘದ ನಿಯಮಾವಳಿಯ ಚರಿತ್ರೆ)

ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಗೋಪುರ, ಗಂಟೆ, ಸೇವೆ ಸಲ್ಲಿಸಿದ ಗುರುಗಳ ಸಾಲು ಇವುಗಳೊಡನೆ ಪಕ್ಕದ ಆಟದ ಬಯಲನ್ನೂ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಭಾನುವಾರದ ಪೂಜೆಯ ಬಳಿಕ ಯುವಕರು ಸೇರುವುದು ಅಲ್ಲಿಯೇ. ಅವರು ಸಂಘ ಕಟ್ಟಲು ಹೊರಟಾಗ ಚೆಂಡು, ಬಲೆಗಳಿಗಿಂತ ಮೊದಲು ಬೇಕಾಗುವುದು ನಿಯಮಾವಳಿ. ಜನರ ಬಾಯಲ್ಲಿ ಅದು 'ಬೈಲಾ'. ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಕನಿಷ್ಠ ಏಳು ಮಂದಿ ಕೂಡಿದರೆ ಸಂಘವೊಂದು ಹುಟ್ಟಬಹುದು. ಏಳು ಮಂದಿ ಒಂದು ಸಂಜೆ ಕುಳಿತು, ಬೇರೊಂದು ಸಂಘದ ಹಳೆಯ ಪುಸ್ತಿಕೆಯನ್ನು ಎದುರಿಗಿಟ್ಟುಕೊಂಡು, ಹೆಸರು ಮಾತ್ರ ಬದಲಿಸಿ ಕೆಲಸ ಮುಗಿಸುವುದೂ ಉಂಟು. ಅಂಥ ಸಂಜೆಯ ಒಂದು ವಾಕ್ಯ ಎಷ್ಟು ಕಾಲ ಬಾಳಬಲ್ಲದು? ಐರ್ಲೆಂಡಿನ ಕಥೋಲಿಕ ಧರ್ಮಕೇಂದ್ರಗಳ ನೆಲದಲ್ಲಿ ಬೆಳೆದ ಸಂಘವೊಂದರ ಕಥೆ ಇದಕ್ಕೆ ಉತ್ತರ ಕೊಡುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ 'ಹವ್ಯಾಸಿ' ಎಂಬ ಪದವೇ ಒಂದು ಬೇಲಿಯಾಗಿತ್ತು. ಹಣಕ್ಕಾಗಿ ಆಡದವನು ಹವ್ಯಾಸಿ ಎಂಬುದು ನಮ್ಮ ಇಂದಿನ ತಿಳಿವಳಿಕೆ. ಅಂದಿನ ಇಂಗ್ಲೆಂಡಿನಲ್ಲಿ ಅಷ್ಟು ಸಾಲದಾಗಿತ್ತು. ಹೆನ್ಲಿಯ ದೋಣಿ ಪಂದ್ಯಗಳ ವ್ಯವಸ್ಥಾಪಕರು 1879ರಲ್ಲಿ ಬರೆದ ನಿಯಮದಂತೆ, ಕೈಕೆಲಸದಿಂದ ಹೊಟ್ಟೆ ಹೊರೆಯುವ ಕುಶಲಕರ್ಮಿಯಾಗಲಿ ಕೂಲಿಯಾಳಾಗಲಿ, ಆಟದಿಂದ ಬಿಡಿಗಾಸನ್ನೂ ಪಡೆಯದಿದ್ದರೂ, ಹವ್ಯಾಸಿ ಎನಿಸಿಕೊಳ್ಳುವಂತಿರಲಿಲ್ಲ. ಈ ನಿರ್ಬಂಧ 1937ರವರೆಗೆ ಉಳಿಯಿತು. ನಜರೇತಿನ ಬಡಗಿಯ ಮಗನನ್ನು ಆರಾಧಿಸುವ ನಾಡಿನಲ್ಲಿ ಬಡಗಿಯು ಹುಟ್ಟು ಹಿಡಿಯಬಾರದೆಂದು ಬರೆದ ಮಹನೀಯರಿಗೆ ಅದರ ವಿಪರ್ಯಾಸ ಹೊಳೆಯಲಿಲ್ಲವೆಂದು ಕಾಣುತ್ತದೆ!

ಐರ್ಲೆಂಡಿನ ಕ್ರೀಡಾಕೂಟಗಳಲ್ಲಿಯೂ ಇಂಥ ಧೋರಣೆಯೇ ಹಬ್ಬಿತ್ತು. ಇದನ್ನು ಸಹಿಸದವರು ಮೈಕಲ್ ಕ್ಯೂಸಾಕ್ ಎಂಬ ಉಪಾಧ್ಯಾಯರು. ಸರ್ಕಾರಿ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವ ಶಾಲೆಯನ್ನು ಅವರು ಡಬ್ಲಿನ್ನಿನಲ್ಲಿ ನಡೆಸುತ್ತಿದ್ದರು. ಸಾಮಾನ್ಯ ಜನರಿಗೆ ಮೈದಾನವನ್ನು ತೆರೆಯಬೇಕು, ನಾಡಿನ ಸ್ವಂತ ಆಟಗಳನ್ನು ಉಳಿಸಬೇಕು ಎಂದು ಅವರು ಪತ್ರಿಕೆಯಲ್ಲಿ ಬರೆದು, 1884ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಥರ್ಲೆಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಸಭೆ ಕರೆದರು. ಬಂದವರು ಏಳು ಮಂದಿ ಎಂದು ಪರಂಪರೆ ಹೇಳುತ್ತದೆ. ಇನ್ನೂ ಕೆಲವರಿದ್ದರೆಂದು ಹೇಳುವವರೂ ಇದ್ದಾರೆ. ಪ್ರಸಿದ್ಧ ಅಥ್ಲೀಟ್ ಮಾರಿಸ್ ಡೇವಿನ್ ಅಧ್ಯಕ್ಷರಾದರು. ಆ ಏಳು ಮಂದಿಯಲ್ಲಿ ಥಾಮಸ್ ಸೇಂಟ್ ಜಾರ್ಜ್ ಮೆಕಾರ್ಥಿ ಎಂಬ ತರುಣನೂ ಒಬ್ಬ. ಕ್ಯೂಸಾಕರ ಶಿಷ್ಯ, 1882ರಲ್ಲಿ ವೇಲ್ಸ್ ವಿರುದ್ಧ ಐರ್ಲೆಂಡಿನ ಪರವಾಗಿ ರಗ್ಬಿ ಆಡಿದವ, ಉದ್ಯೋಗದಿಂದ ಬ್ರಿಟಿಷ್ ಆಡಳಿತದ ರಾಯಲ್ ಐರಿಷ್ ಪೊಲೀಸ್ ದಳದ ಜಿಲ್ಲಾ ಇನ್ಸ್‌ಪೆಕ್ಟರ್. ವಾಚಕರು ಈ ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು.

ಹೀಗೆ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಸಂಘಕ್ಕೆ ಕ್ಯಾಶೆಲ್‌ನ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಥಾಮಸ್ ಕ್ರೋಕ್ ಅವರು ಮಹಾಪೋಷಕರಾದರು. ಪರದೇಶದಿಂದ ಬಂದ ಆಟಗಳ ಮೋಹವನ್ನು ಖಂಡಿಸಿ ಅವರು ಬರೆದ ಪತ್ರದಲ್ಲಿ ಟೆನ್ನಿಸ್, ಪೋಲೋಗಳ ಜೊತೆಗೆ ಕ್ರಿಕೆಟ್ಟಿನ ಹೆಸರೂ ಇದೆ. ನಮ್ಮ ಬಯಲಿನ ಹುಡುಗರು ಅದನ್ನು ಓದಿ ಕೋಪಿಸಿಕೊಳ್ಳಬಾರದು.

ಆಟದ ನಿಯಮಗಳನ್ನು ಮುಖ್ಯವಾಗಿ ಡೇವಿನ್ ಅವರೇ ರಚಿಸಿದರು. 1885ರ ಜನವರಿಯಲ್ಲಿ ಅವು ಅಂಗೀಕೃತವಾದವು. ಕಾಲ್ಚೆಂಡಾಟದಲ್ಲಿ ಒಂದು ಪಕ್ಷಕ್ಕೆ 14ಕ್ಕಿಂತ ಕಡಿಮೆಯಿಲ್ಲದೆ, 21ಕ್ಕಿಂತ ಹೆಚ್ಚಿಲ್ಲದೆ ಆಟಗಾರರಿರಬೇಕು; ಹಿಂದಿನಿಂದ ದೂಡುವುದು, ತಲೆಯಿಂದ ಗುದ್ದುವುದು ತಪ್ಪು. ಓದಿದೊಡನೆ ತಿಳಿಯುವ ನಿಯಮಗಳು ಅವು. ಸಂಘದ ಮೂಲ ಘಟಕವೆಂದು ಧರ್ಮಕೇಂದ್ರವನ್ನೇ ಆರಿಸಿಕೊಂಡದ್ದು ಇನ್ನೂ ಜಾಣತನದ ಕೆಲಸ. ಹೊಸ ಗಡಿಗಳನ್ನು ಎಳೆಯುವ ತಂಟೆಯೇ ಇರಲಿಲ್ಲ. ಯಾರು ಯಾವ ಊರಿನ ಪರವಾಗಿ ಆಡಬೇಕೆಂಬುದನ್ನು ಜ್ಞಾನಸ್ನಾನದ ತೊಟ್ಟಿಯೇ ನಿರ್ಣಯಿಸಿದಂತಾಯಿತು.

ಆದರೆ ಕಚೇರಿಯ ನಿಯಮಗಳು ಆಟದ ನಿಯಮಗಳಷ್ಟು ಗಟ್ಟಿಯಾಗಿರಲಿಲ್ಲ. ಪತ್ರಗಳಿಗೆ ಉತ್ತರಿಸುವುದಿಲ್ಲ, ಲೆಕ್ಕಪತ್ರ ಸರಿಯಾಗಿಲ್ಲ ಎಂಬ ದೂರುಗಳ ನಡುವೆ 1886ರಲ್ಲಿ ಕಾರ್ಯದರ್ಶಿ ಕ್ಯೂಸಾಕರೇ ಸ್ಥಾನ ಕಳೆದುಕೊಂಡರು. (ಸಂಸ್ಥಾಪಕರಿಗೆ ರಶೀದಿ ಪುಸ್ತಕ ಒಗ್ಗುವುದಿಲ್ಲವೆಂಬುದು ಐರ್ಲೆಂಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ.) ಮರುವರ್ಷ ಕಾರ್ಯಕಾರಿ ಸಮಿತಿಯು ತನ್ನನ್ನು ಕೇಳದೆ ನಿಯಮಗಳನ್ನು ಮಾಡಿತೆಂದು ಡೇವಿನ್ ಅವರೂ ಹೊರನಡೆದು, ಅನಂತರ ಮರಳಿದರು. ಆ 1887ರಲ್ಲಿಯೇ, ಸಂಘವು ಕ್ರಾಂತಿಕಾರಿಗಳ ಹಿಡಿತಕ್ಕೆ ಸರಿದಾಗ, ಪೊಲೀಸರಿಗೆ ಸದಸ್ಯತ್ವವಿಲ್ಲವೆಂಬ ವಾಕ್ಯ ನಿಯಮಾವಳಿಯೊಳಗೆ ಬಂದಿತು. ಪರದೇಶದ ಆಟಗಳನ್ನು ಆಡುವವರಿಗೂ ಆ ದಶಕದಲ್ಲಿಯೇ ಬಾಗಿಲು ಮುಚ್ಚಿತು. ನಡುವೆ ಕೆಲಕಾಲ ಸಡಿಲಗೊಂಡ ಈ ಎರಡೂ ನಿಷೇಧಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರಳಿ ಬಂದು ಬೇರೂರಿದವು. ಬೇಲಿಯನ್ನು ಕೀಳಲು ಹುಟ್ಟಿದ ಸಂಘವೇ ಬೇಲಿ ಹಾಕಿತು. ಆ ಬೇಲಿಯ ಹೊರಗೆ ಉಳಿಯುವಂಥವನು ಅದರ ಸಂಸ್ಥಾಪಕರಲ್ಲಿಯೇ ಒಬ್ಬನಾಗಿದ್ದ.

ಇದನ್ನು ಬರೀ ಹಟವೆನ್ನುವುದು ಅನ್ಯಾಯ. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ 14 ಮಂದಿಯನ್ನು ಕೊಂದವು. ಸತ್ತವರಲ್ಲಿ ಆಟಗಾರ ಮೈಕಲ್ ಹೋಗನ್ ಒಬ್ಬರು. ಆ ರಕ್ತವನ್ನು ಕಂಡವರಿಗೆ ಪೊಲೀಸರ ಮೇಲಿನ ನಿಷೇಧ ಗಾಯದ ಮೇಲಿನ ಕಟ್ಟಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಪರದೇಶದ ಆಟಗಳ ನಿಷೇಧಕ್ಕೆ ಅಂಥ ಸಮರ್ಥನೆ ಇರಲಿಲ್ಲ. ಸ್ವತಂತ್ರ ಐರ್ಲೆಂಡಿನಲ್ಲಿಯೂ ಅದು ಮುಂದುವರಿಯಿತು. ಯಾರು ಫುಟ್ಬಾಲ್ ಅಥವಾ ರಗ್ಬಿ ನೋಡಲು ಹೋದರೆಂದು ಪತ್ತೆ ಹಚ್ಚಲು ಕಣ್ಗಾವಲು ಸಮಿತಿಗಳೇ ಇದ್ದವು. ದೇಶದ ಪ್ರಥಮ ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡ್ ಐರಿಷ್ ಭಾಷೆಯ ಪುನರುಜ್ಜೀವನಕ್ಕೆ ಬಾಳನ್ನೇ ಸವೆಸಿದವರು, ಸಂಘದ ಪೋಷಕರು. 1938ರ ನವೆಂಬರಿನಲ್ಲಿ ಅವರು ಪದವಿಯ ಕರ್ತವ್ಯವೆಂದು ಪೋಲೆಂಡ್ ವಿರುದ್ಧದ ಫುಟ್ಬಾಲ್ ಪಂದ್ಯಕ್ಕೆ ಹಾಜರಾದರು. ಡಿಸೆಂಬರಿನಲ್ಲಿ ಸಂಘವು ಅವರನ್ನು ಪೋಷಕ ಸ್ಥಾನದಿಂದ ತೆಗೆದುಹಾಕಿತು! ರಾಷ್ಟ್ರಾಧ್ಯಕ್ಷರಿಗೆ ವಿನಾಯಿತಿಯೆಂದು ನಿಯಮದಲ್ಲಿ ಬರೆದಿರಲಿಲ್ಲ. 1962ರಲ್ಲಿಯೂ 1965ರಲ್ಲಿಯೂ ನಿಷೇಧದ ವಿರುದ್ಧದ ಪ್ರಯತ್ನಗಳು ಸೋತವು. ಕೊನೆಗೆ 1971ರಲ್ಲಿ ಬೆಲ್‌ಫಾಸ್ಟಿನ ಮಹಾಸಭೆಯಲ್ಲಿ ಆ ನಿಯಮ ಬಿದ್ದುಹೋಯಿತು.

ಪೊಲೀಸರ ಮೇಲಿನ ನಿಷೇಧಕ್ಕೆ ಇನ್ನೂ ಮೂವತ್ತು ವರ್ಷ ಆಯುಷ್ಯವಿತ್ತು. ಉತ್ತರ ಐರ್ಲೆಂಡಿನಲ್ಲಿ ಹಳೆಯ ಪೊಲೀಸ್ ದಳ ಹೋಗಿ ಹೊಸದು ಬಂದ ಮೇಲೆ, 2001ರ ನವೆಂಬರಿನ ವಿಶೇಷ ಸಭೆ ಅದನ್ನು ರದ್ದುಪಡಿಸಿತು. ಅತ್ಯಂತ ನೊಂದಿದ್ದ ಉತ್ತರದ ಆರು ಕೌಂಟಿಗಳಲ್ಲಿ ಐದು ಅಂದು ಒಪ್ಪಲಿಲ್ಲ. ಸೋತರೂ ಸಂಘವನ್ನು ಅವು ಒಡೆಯಲಿಲ್ಲ. ಆ ಐದು ಕೌಂಟಿಗಳ ಪ್ರತಿನಿಧಿಗಳ ಸಹನೆಯೂ ನಿಯಮಾವಳಿಯ ಚರಿತ್ರೆಯಲ್ಲಿ ಸೇರಬೇಕಾದುದೆಂದು ನಮ್ಮ ಅಭಿಪ್ರಾಯ.

ಕ್ರೋಕ್ ಪಾರ್ಕಿನಲ್ಲಿ ಈಗ 82 ಸಾವಿರಕ್ಕೂ ಹೆಚ್ಚು ಜನ ಪಂದ್ಯ ನೋಡಬಹುದು. ಆಡುವವರಿಗೆ ಇಂದಿಗೂ ಸಂಬಳವಿಲ್ಲ.

ಮೆಕಾರ್ಥಿ 1943ರಲ್ಲಿ ಡಬ್ಲಿನ್ನಿನಲ್ಲಿ ತೀರಿಕೊಂಡರು. ಅವರ ಸಮಾಧಿಯ ಮೇಲೆ ಹೆಸರೂ ಇರಲಿಲ್ಲ. ಸಂಘಕ್ಕೆ 125 ವರ್ಷ ತುಂಬಿದ 2009ರಲ್ಲಿ ಅಲ್ಲಿ ಕಲ್ಲು ನಿಂತಿತು. ಉತ್ತರದ ಪೊಲೀಸರೂ ದಕ್ಷಿಣದ ಪೊಲೀಸರೂ ಪರಸ್ಪರ ಗೇಲಿಕ್ ಆಟವಾಡಿ ಗೆಲ್ಲುವ ಬಟ್ಟಲಿಗೆ ಅವರದೇ ಹೆಸರು.